ಯಾರ ಒಂದೂವರೆ?

ಹೋದ ವರ್ಷ ನವೆಂಬರ್ 2, ಭಾನುವಾರ. ಮೈಸೂರಿನ ನಮ್ಮ ಮನೆಯಲ್ಲಿ ಕುಕ್ಕರ್‌ನಲ್ಲಿ ಮಟನ್ ಬೇಯುತ್ತಿತ್ತು. ಆ ವಾರ ನನಗೆ ಆನ್‌ಕಾಲ್ ಡ್ಯೂಟಿ. ಅಂದರೆ ರಜೆಯ ದಿನವೂ ಲ್ಯಾಪ್‌ಟಾಪ್ ಪಕ್ಕದಲ್ಲೇ ಇರಬೇಕು. ಹನ್ನೆರಡೂ ಕಾಲಿಗೆ ಅಮೆರಿಕದ ಪೂರ್ವ ತೀರದ ಗ್ರಾಹಕರೊಬ್ಬರಿಂದ ಮೆಸೇಜ್ ಬಂತು. ‘ರಾತ್ರಿ ಒಂದೂವರೆಯಿಂದ ಪೇಮೆಂಟ್ ಹೋಗುತ್ತಿಲ್ಲ, ನೋಡಿ.’ ಲಾಗ್, ಅಂದರೆ ಸರ್ವರ್‌ನಲ್ಲಿ ಯಾವ ಹೊತ್ತಿಗೆ ಏನಾಯಿತು ಅನ್ನುವ ದಾಖಲೆ, ಅದನ್ನು ಹುಡುಕುವ ಟೂಲ್ ತೆರೆದೆ. ಟೈಮ್ ಝೋನ್ ಜಾಗದಲ್ಲಿ ನ್ಯೂಯಾರ್ಕ್ ಅಂತ ಇಟ್ಟೆ. 1:25ರಿಂದ 1:45ರವರೆಗೆ ಅಂತ ಹಾಕಿ ಹುಡುಕಿದೆ. ಬಂದ ಸಾಲುಗಳಲ್ಲಿ ಒಂದೇ ಒಂದು ಎರರ್ ಇಲ್ಲ. ‘ನಮ್ಮ ಕಡೆ ಎಲ್ಲ ಸರಿ ಇದೆ’ ಅಂತ ಬರೆದೆ. ಅವರು ಕೆಂಪು ಅಕ್ಷರ ತುಂಬಿದ ಸ್ಕ್ರೀನ್‌ಶಾಟ್ ಕಳಿಸಿದರು. ಅದರ ಮೇಲಿದ್ದ ಸಮಯ 1:32. ನಾನು ಮತ್ತೆ 1:32 ನೋಡಿದೆ. ಎಲ್ಲ ನೆಟ್ಟಗೇ ಇದೆ. ಅವರಿಗೆ ನನ್ನ ಮೇಲೆ ಸಿಟ್ಟು, ನನಗೆ ಅವರ ಮೇಲೆ ಅನುಮಾನ. ಹೀಗೇ ಮುಕ್ಕಾಲು ಗಂಟೆ ಕಳೆಯಿತು.

ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ, ‘ಗಂಟೆ ಒಂದಾಯ್ತು, ಊಟಕ್ಕೆ ಬರ್ತೀರೋ ಇಲ್ವೋ?’ ಅಂದಳು. ಬರುತ್ತೇನೆ ಅಂದೆ. ‘ಅಲ್ಲಿ ಈಗ ಎಷ್ಟು ಗಂಟೆ? ಪಾಪ, ಅವರೂ ನಿದ್ದೆಗೆಟ್ಟು ಕೂತಿದ್ದಾರೆ’ ಅಂತ ಸುಮ್ನೆ ಕೇಳಿದಳು. ಒಂದರಲ್ಲಿ ಒಂಬತ್ತೂವರೆ ಗಂಟೆ ಹಿಂದೆ ಹೋಗಿ, ‘ರಾತ್ರಿ ಮೂರೂವರೆ’ ಅಂದೆ. ಬಾಯಲ್ಲಿ ಮೂರೂವರೆ ಅನ್ನುತ್ತಾ ಕಣ್ಣು ಪರದೆಯ ಮೂಲೆಗೆ ಹೋಯಿತು. ಅಲ್ಲಿ ಎರಡೂವರೆ ಇತ್ತು. ಆಗ ತಲೆಗೆ ಹೊಳೆಯಿತು.

ಅದು ನವೆಂಬರ್‌ನ ಮೊದಲ ಭಾನುವಾರ. ಅಮೆರಿಕದಲ್ಲಿ ಅವತ್ತು ಬೆಳಗಿನ ಜಾವ ಎರಡು ಗಂಟೆಗೆ ಗಡಿಯಾರವನ್ನು ವಾಪಸ್ ಒಂದಕ್ಕೆ ತಿರುಗಿಸುತ್ತಾರೆ. ಹಾಗಾಗಿ ಒಂದರಿಂದ ಎರಡರವರೆಗಿನ ಗಂಟೆ ಎರಡು ಸಲ ಬರುತ್ತದೆ. ಒಂದೂವರೆಯೂ ಎರಡು ಸಲ. ನಮ್ಮಲ್ಲಿ ಹನ್ನೊಂದು ಗಂಟೆಯಾದಾಗ ಅಲ್ಲಿ ಒಂದೂವರೆ. ನಮ್ಮಲ್ಲಿ ಹನ್ನೆರಡಾದಾಗಲೂ ಅಲ್ಲಿ ಒಂದೂವರೆ! ಅವರು ಹೇಳುತ್ತಿದ್ದದ್ದು ಎರಡನೆಯದು. ಟೂಲ್ ನನಗೆ ತೋರಿಸುತ್ತಿದ್ದದ್ದು ಮೊದಲನೆಯದು. ‘ಸ್ವಾಮಿ, ಅವತ್ತು ಒಂದೂವರೆ ಎರಡಿವೆ, ನಿಮಗೆ ಯಾವುದು ಬೇಕು?’ ಅಂತ ಅದು ಕೇಳಲಿಲ್ಲ. ತಾನೇ ಒಂದನ್ನು ಆರಿಸಿಕೊಂಡು, ಹುಡುಕಿ, ಇದೇ ಉತ್ತರ ಅಂತ ಕೈಗಿಟ್ಟಿತು.

ಮಟನ್ ಸಾರು ತಣ್ಣಗಾಗಿತ್ತು. ಆದರೆ ನನ್ನನ್ನು ಇವತ್ತಿಗೂ ಕೊರೆಯುತ್ತಿರುವುದು ಅದಲ್ಲ. ಟೂಲ್‌ಗೆ ಗೊತ್ತಿಲ್ಲದೆ ಇದ್ದಿದ್ದರೆ ಬೇರೆ ಮಾತು. ಅದಕ್ಕೆ ಗೊತ್ತಿತ್ತು. ಪ್ರೋಗ್ರಾಂ ಬರೆಯುವವರಿಗೆ ಇದು ಹಳೇ ಕತೆ. ಪೈಥಾನ್ ಭಾಷೆಯಲ್ಲಿ ಇಂಥ ಎರಡು ಸಲ ಬರುವ ಗಂಟೆಗೆ ಅಂತಲೇ 3.6ನೇ ಆವೃತ್ತಿಯಿಂದ ‘ಫೋಲ್ಡ್’ ಎಂಬ ಗುರುತು ಇದೆ. ಮಡಿಕೆ ಅಂತ. ಸೀರೆ ಮಡಿಸಿದಾಗ ಒಂದೇ ಜಾಗದಲ್ಲಿ ಎರಡು ಪದರ ಬರುತ್ತದಲ್ಲ, ಹಾಗೆ. ಸೊನ್ನೆ ಅಂದರೆ ಮೇಲಿನ ಪದರ, ಮೊದಲ ಸಲ ಬಂದ ಗಂಟೆ. ಒಂದು ಅಂದರೆ ಕೆಳಗಿನದು, ಎರಡನೇ ಸಲ ಬಂದದ್ದು. ಮಾರ್ಚ್‌ನಲ್ಲಿ ಇದರ ಉಲ್ಟಾ. ಎರಡನೇ ಭಾನುವಾರ ಎರಡು ಗಂಟೆಯಿಂದ ಸೀದಾ ಮೂರಕ್ಕೆ ಹಾರುತ್ತಾರೆ. ಅವತ್ತು ಎರಡೂವರೆ ಅನ್ನುವ ಹೊತ್ತೇ ಇಲ್ಲ. ಆದರೂ ಹುಡುಕುವ ಪೆಟ್ಟಿಗೆಯಲ್ಲಿ 2:30 ಅಂತ ಹಾಕಿದರೆ ಬೇಡ ಅನ್ನದೆ ತೆಗೆದುಕೊಳ್ಳುವ ಟೂಲ್‌ಗಳನ್ನು ನಾನು ಕಂಡಿದ್ದೇನೆ. ಇಲ್ಲದ ಹೊತ್ತಿನಲ್ಲಿ ಏನೇನಾಯಿತು ಅಂತ ಹುಡುಕಿ, ಏನೂ ಸಿಗಲಿಲ್ಲ ಅನ್ನುತ್ತವೆ. ಅದೂ ನಿಜವೇ ಬಿಡಿ.

ಇಎಸ್‌ಟಿ ಅಂದರೆ ಯಾವಾಗ?

ಮೈಸೂರಿನಲ್ಲಿ ಕೂತು ಅಮೆರಿಕದವರಿಗೆ ಕೆಲಸ ಮಾಡುವವರೆಲ್ಲ ದಿನಕ್ಕೆ ಒಂದು ಸಲವಾದರೂ ಹುಡುಕುವ ಸಾಲು ಇದು: ರಾತ್ರಿ 9 ಇಎಸ್‌ಟಿ ಅಂದರೆ ನಮ್ಮ ಟೈಮ್ ಎಷ್ಟು? ಇಎಸ್‌ಟಿ ಅಂದರೆ ಅಮೆರಿಕದ ಪೂರ್ವ ತೀರದ ‘ಈಸ್ಟರ್ನ್ ಸ್ಟ್ಯಾಂಡರ್ಡ್ ಟೈಮ್’. ಜುಲೈ ತಿಂಗಳಲ್ಲಿ ಹೀಗೆ ಕೇಳಿದರೆ ಅಕ್ಷರಶಃ ಲೆಕ್ಕ ಹಾಕುವ ಪುಟ ಬೆಳಿಗ್ಗೆ ಏಳೂವರೆ ಅನ್ನುತ್ತದೆ. ಯಾಕೆಂದರೆ ಇಎಸ್‌ಟಿಯ ‘ಎಸ್’ ಅಂದರೆ ಸ್ಟ್ಯಾಂಡರ್ಡ್, ಅದು ಚಳಿಗಾಲದ ಟೈಮ್. ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆಯುತ್ತಿರುವುದು ಇಡಿಟಿ, ಅಂದರೆ ಬೇಸಿಗೆ ಟೈಮ್. ಆ ಲೆಕ್ಕದಲ್ಲಿ ನಮಗೆ ಆರೂವರೆ. ಆದರೆ ಅಲ್ಲಿಯ ಮ್ಯಾನೇಜರ್ ವರ್ಷವಿಡೀ ಇಎಸ್‌ಟಿ ಅಂತಲೇ ಬರೆಯುತ್ತಾನೆ. ಅವನ ಮಟ್ಟಿಗೆ ಅದರ ಅರ್ಥ ‘ನಮ್ಮ ಟೈಮ್’ ಅಂತ, ಅಷ್ಟೇ. ಕೆಲವು ಪುಟಗಳು ಅವನ ಮನಸ್ಸನ್ನು ಊಹಿಸಿ ಆರೂವರೆ ಕೊಡುತ್ತವೆ. ಕೆಲವು ಅವನ ಅಕ್ಷರ ನೋಡಿ ಏಳೂವರೆ ಕೊಡುತ್ತವೆ. ತಾನು ಊಹಿಸಿದ್ದು ಅಂತ ಎರಡರಲ್ಲಿ ಯಾವುದೂ ಹೇಳುವುದಿಲ್ಲ. ಏಳೂವರೆಗೆ ಮೀಟಿಂಗ್‌ಗೆ ಹೋದರೆ ಎಲ್ಲರೂ ಬೈ ಹೇಳುತ್ತಿರುತ್ತಾರೆ.

ನಮ್ಮ ಐಎಸ್‌ಟಿಯ ಕತೆಯೂ ಬೇರೆಯಲ್ಲ. ಅದು ಇಂಡಿಯಾದ್ದೂ ಹೌದು, ಇಸ್ರೇಲ್‌ನದೂ ಹೌದು, ಐರ್ಲೆಂಡ್‌ನದೂ ಹೌದು. ಬಿಎಸ್‌ಟಿ ಅಂದರೆ ಬ್ರಿಟನ್‌ನ ಬೇಸಿಗೆ ಟೈಮೂ ಆಗಬಹುದು, ಬಾಂಗ್ಲಾದೇಶದ ಟೈಮೂ ಆಗಬಹುದು. ಒಂದೇ ಬೀದಿಯಲ್ಲಿ ಮೂರು ಮಂಜುನಾಥರಿದ್ದರೆ ನಾವೇನು ಮಾಡುತ್ತೇವೆ? ಹಾಲಿನ ಮಂಜುನಾಥ, ಸೈಕಲ್ ಶಾಪ್ ಮಂಜುನಾಥ ಅನ್ನುತ್ತೇವೆ. ಕಂಪ್ಯೂಟರಿನ ಒಳಗೂ ಈ ವ್ಯವಸ್ಥೆ ಇದೆ. ಆರ್ಥರ್ ಡೇವಿಡ್ ಓಲ್ಸನ್ ಅನ್ನುವವರು ಶುರು ಮಾಡಿದ ಟೈಮ್ ಝೋನ್ ಪಟ್ಟಿಯೊಂದು ಪ್ರಪಂಚದ ಬಹುಪಾಲು ಸರ್ವರ್, ಫೋನುಗಳಲ್ಲಿದೆ. ಅದರಲ್ಲಿ ಝೋನ್‌ಗಳಿಗೆ ಊರಿನ ಹೆಸರಿಟ್ಟಿದ್ದಾರೆ. ಅಮೆರಿಕ/ನ್ಯೂಯಾರ್ಕ್, ಏಷ್ಯಾ/ಕೋಲ್ಕತಾ ಹೀಗೆ. ಯಾವ ವರ್ಷ ಯಾವ ದಿನ ಆ ಊರಿನ ಗಡಿಯಾರ ಎಲ್ಲಿತ್ತು ಅನ್ನುವ ಚರಿತ್ರೆಯೂ ಅದರೊಳಗಿದೆ. ಆದರೆ ಇದೆಲ್ಲ ಒಳಗಡೆ. ಹೊರಗೆ ನಮ್ಮ ಮುಂದೆ ಇಡುವುದು ಮೂರಕ್ಷರದ ಅಡ್ಡಹೆಸರು. (ಹೊಸ ಸರ್ವರ್ ಸೆಟ್ ಮಾಡುವಾಗ ಈ ಪಟ್ಟಿಯಲ್ಲಿ ಮೈಸೂರು ಹುಡುಕಿದರೆ ಸಿಗುವುದಿಲ್ಲ, ಬೆಂಗಳೂರೂ ಸಿಗುವುದಿಲ್ಲ. ಕೋಲ್ಕತಾವನ್ನೇ ಆರಿಸಬೇಕು. ಮೊದಮೊದಲು ನನಗೆ ಸ್ವಲ್ಪ ಬೇಜಾರಾಗುತ್ತಿತ್ತು.)

ಅವ್ವನ ಏಳೂವರೆ

ಅವ್ವ ಇರುವುದು ಮಂಡ್ಯ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ. ಅಕ್ಕ ನ್ಯೂಜೆರ್ಸಿಯಲ್ಲಿ. ಮಗಳನ್ನು ಮಲಗಿಸಿ, ಪಾತ್ರೆ ಎಲ್ಲ ಮುಗಿಸಿ, ಶನಿವಾರ ರಾತ್ರಿ ಹತ್ತಕ್ಕೆ ಅಕ್ಕ ವಿಡಿಯೋ ಕಾಲ್ ಮಾಡುತ್ತಾಳೆ. ನಮಗೆ ಆಗ ಭಾನುವಾರ ಬೆಳಿಗ್ಗೆ ಏಳೂವರೆ. ಅಷ್ಟರಲ್ಲಿ ಅವ್ವ ಹಾಲು ಕರೆದು, ಡೈರಿಗೆ ಹಾಕಿ, ರೇಡಿಯೋದಲ್ಲಿ ಏಳು ಐದರ ಪ್ರದೇಶ ಸಮಾಚಾರ ಕೇಳಿ, ಜಗಲಿ ಮೇಲೆ ಫೋನನ್ನು ತಂಬಿಗೆಗೆ ಒರಗಿಸಿಕೊಂಡು ಕೂತಿರುತ್ತಾಳೆ. ಎಂಟು ತಿಂಗಳು ಎಲ್ಲ ಸುಸೂತ್ರ. ನವೆಂಬರ್ ಬಂತು ಅಂದರೆ ಒಂದು ಭಾನುವಾರ ಫೋನ್ ಬರುವುದಿಲ್ಲ. ಅಲ್ಲಿ ಹತ್ತಾಗುವಾಗ ಇಲ್ಲಿ ಎಂಟೂವರೆ ಆಗಿರುತ್ತದೆ. ಅಕ್ಕ ಹೇಳುವುದನ್ನು ಮರೆತಿರುತ್ತಾಳೆ. ಅವಳದು ತಪ್ಪು ಅನ್ನಲಾರೆ. ಅವಳ ಫೋನಿನಲ್ಲಿರುವ ಗಡಿಯಾರ ರಾತ್ರೋರಾತ್ರಿ ತಾನೇ ಹಿಂದೆ ಹೋಗಿರುತ್ತದೆ. ಅವಳಿಗೆ ಗೊತ್ತೇ ಆಗುವುದಿಲ್ಲ.

ಒಂದು ವರ್ಷದ್ದು ಚೆನ್ನಾಗಿ ನೆನಪಿದೆ. ನಾನು ಅವತ್ತು ಊರಲ್ಲೇ ಇದ್ದೆ. ಏಳೂ ಮುಕ್ಕಾಲಾಯಿತು. ಅವ್ವ ಫೋನನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. ‘ಕರೆನ್ಸಿ ಐತಾ ನೋಡ್ಲಾ’ ಅಂದಳು. ಇದೆ ಅಂದೆ. ಎಂಟಾಯಿತು. ‘ಮಗೀಗೆ ಹುಷಾರಿಲ್ವೇನೋ’ ಅಂದಳು. ಎಂಟೂ ಹತ್ತಕ್ಕೆ ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿ ಬಂದಳು. ಅವಳ ಮುಖ ಚಿಕ್ಕದಾಗಿತ್ತು. ನಾನು ಫೋನಿನಲ್ಲಿ ‘ನ್ಯೂಜೆರ್ಸಿಯಲ್ಲಿ ಈಗ ಟೈಮ್ ಎಷ್ಟು’ ಅಂತ ಹುಡುಕಿದೆ. ಸರಿಯಾಗಿಯೇ ಬಂತು. ಈಗ ಎಷ್ಟು ಅನ್ನುವ ಪ್ರಶ್ನೆಗೆ ಯಾವ ಟೂಲೂ ತಪ್ಪುವುದಿಲ್ಲ. ಎಡವುವುದು ಮುಂದಿನ ತಿಂಗಳ ಬಗ್ಗೆ ಕೇಳಿದಾಗ, ಕಳೆದ ವರ್ಷದ ಬಗ್ಗೆ ಕೇಳಿದಾಗ. ಇವತ್ತಿನ ವ್ಯತ್ಯಾಸವನ್ನೇ ಆ ದಿನಕ್ಕೂ ಅಂಟಿಸಿ ಕೊಡುವ ಪುಟಗಳು ಬೇಕಾದಷ್ಟಿವೆ. ಅಕ್ಟೋಬರ್‌ನಲ್ಲೇ ಅಂಥ ಒಂದು ಪುಟ ನೋಡಿ, ಎಲ್ಲ ಏಳೂವರೆಯೇ ಅಂತ ಅವ್ವನಿಗೆ ಭರವಸೆ ಕೊಟ್ಟಿದ್ದವನು ನಾನೇ.

ಅವ್ವನಿಗೆ ವಿವರಿಸಿ ಹೇಳಿದೆ. ಅಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುತ್ತಾರೆ, ಬೇಸಿಗೆಯಲ್ಲಿ ಸಾಯಂಕಾಲದ ಬೆಳಕು ಜಾಸ್ತಿ ಸಿಗಲಿ ಅಂತ. ಅವ್ವ ಪೂರ್ತಿ ಕೇಳಿದಳು. ‘ಅಲ್ಲ ಕಣ್ಲಾ, ಗಡಿಯಾರ ತಿರುಗ್ಸಿದ್ರೆ ಹಸ ಹಾಲ್ ಕೊಡೋ ಹೊತ್ತು ಬದ್ಲಾಯ್ತದಾ?’ ಅಂದಳು. ಇಲ್ಲ ಅಂದೆ. ‘ಮತ್ತೆ? ಎದ್ದೇಳೋರು ಒಂದು ಗಂಟೆ ಮುಂಚೆ ಏಳ್ಬೇಕು ಅಂದ್ರೆ ಎದ್ರಾಯ್ತು. ಗಡಿಯಾರಕ್ಯಾಕೆ ಸುಳ್ಳು ಹೇಳ್ಕೊಡೋದು?’

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನಮ್ಮ ಕಡೆಯವರಿಗೆ ಈ ಏರ್ಪಾಡು ಅರ್ಥವಾಗದಿರುವುದಕ್ಕೆ ಕಾರಣವೂ ಇದೆ. ನಾವು ಸಮಭಾಜಕದಿಂದ ಹನ್ನೆರಡು ಡಿಗ್ರಿ ಮೇಲಿದ್ದೇವೆ ಅಷ್ಟೇ. ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇಲ್ಲಿ ಹೆಚ್ಚುಕಮ್ಮಿ ಒಂದೂವರೆ ಗಂಟೆಯ ವ್ಯತ್ಯಾಸ. ಲಂಡನ್‌ನಲ್ಲಿ ಅದು ಎಂಟು ಗಂಟೆಗೂ ಜಾಸ್ತಿ. ಅಷ್ಟು ಬೆಳಕು ಬಂದು ಹೋಗುವ ಊರಲ್ಲಿ ಗಡಿಯಾರ ಎಳೆದಾಡುವ ಆಸೆ ಹುಟ್ಟುತ್ತದೆ. 1895ರಲ್ಲಿ ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್ ಅನ್ನುವವನು ಇದನ್ನು ಮೊದಲು ಸೂಚಿಸಿದ. ಅವನಿಗೆ ಅಂಚೆ ಕಚೇರಿಯಲ್ಲಿ ಕೆಲಸ, ಹುಳ ಹಿಡಿದು ಕೂಡಿಡುವ ಹವ್ಯಾಸ. ಡ್ಯೂಟಿ ಮುಗಿದ ಮೇಲೆ ಹುಳ ಹಿಡಿಯಲು ಬೆಳಕು ಸಾಲುತ್ತಿರಲಿಲ್ಲ. ದೇಶಕ್ಕೇ ಇದನ್ನು ಜಾರಿಗೆ ತಂದದ್ದು ಜರ್ಮನಿ, 1916ರಲ್ಲಿ, ಯುದ್ಧದ ನಡುವೆ ಕಲ್ಲಿದ್ದಲು ಉಳಿಸಲು. ಹುಳದವನ ಆಸೆ, ಯುದ್ಧದವರ ಲೆಕ್ಕ ಎರಡೂ ಸೇರಿ ನೂರು ವರ್ಷ ಕಳೆದ ಮೇಲೆ ಮಂಡ್ಯದ ಜಗಲಿ ಮೇಲೆ ಅವ್ವನನ್ನು ಒಂದು ಗಂಟೆ ಕಾಯಿಸಿತು. ಇದನ್ನು ನಿಲ್ಲಿಸುತ್ತೇವೆ ಅಂತ ಯುರೋಪಿನ ಸಂಸತ್ತು 2019ರಲ್ಲಿ ಮತ ಹಾಕಿತು. ಅಮೆರಿಕದ ಸೆನೆಟ್ 2022ರಲ್ಲಿ ಬೇಸಿಗೆ ಟೈಮನ್ನೇ ಕಾಯಂ ಮಾಡುವ ಮಸೂದೆ ಪಾಸು ಮಾಡಿತು. ಎರಡೂ ಅಲ್ಲಿಗೇ ನಿಂತವು.

ಹಬ್ಬಗಳ ಲೆಕ್ಕ ಹಾಕಿದರೆ ಇನ್ನೊಂದು ತಮಾಷೆ ಇದೆ. ನಮ್ಮ ದಸರಾ ಯಾವಾಗಲೂ ನವೆಂಬರ್‌ಗೆ ಮುಂಚೆ. ಹಾಗಾಗಿ ಜಂಬೂಸವಾರಿ ನೋಡುವ ಅಕ್ಕನಿಗೆ ಪ್ರತಿ ವರ್ಷವೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಸಂಕ್ರಾಂತಿ ಯಾವಾಗಲೂ ಹತ್ತೂವರೆ. ದೀಪಾವಳಿ ಮಾತ್ರ ಆ ಕಡೆ ಈ ಕಡೆ ಜಾರುತ್ತದೆ. 2023ರಲ್ಲಿ ಅದು ನವೆಂಬರ್ 12ರ ಹೊತ್ತಿಗೆ ಬಂತು, ಗಡಿಯಾರ ತಿರುಗಿಸಿದ ಮೇಲೆ. 2025ರಲ್ಲಿ ಅಕ್ಟೋಬರ್‌ನಲ್ಲೇ ಮುಗಿಯಿತು. ಹೋದ ಸಲ ಯಾವ ಹೊತ್ತಿಗೆ ಮಾತಾಡಿದೆವು ಅಂತ ಹಳೇ ಮೆಸೇಜ್ ಹುಡುಕಿ ಅದೇ ಹೊತ್ತಿಗೆ ಫೋನ್ ಮಾಡಿದರೆ ಕೆಟ್ಟಿತು.

ಏಪ್ರಿಲ್ ಒಂದನೇ ತಾರೀಕು

ಗಂಟೆ ತಪ್ಪುವುದಕ್ಕಿಂತ ಕೆಟ್ಟದ್ದು ದಿನ ತಪ್ಪುವುದು. ತೆರಿಗೆ ಲೆಕ್ಕಕ್ಕೆ ಅಂತ ನನ್ನ ಮೇಲ್‌ಗಳನ್ನು ವರ್ಷದ ಪ್ರಕಾರ ಹೆಕ್ಕುವ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದುಕೊಂಡಿದ್ದೆ. ಏಪ್ರಿಲ್ 1ರಿಂದ ಈಚೆಗೆ ಬಂದದ್ದು ಒಂದು ಕಡೆ, ಹಿಂದಿನದು ಇನ್ನೊಂದು ಕಡೆ. ಏಪ್ರಿಲ್ 1ರ ಬೆಳಿಗ್ಗೆ ಹತ್ತು ಗಂಟೆಗೆ ಬಂದಿದ್ದ ಒಂದು ರಸೀದಿ ಎಷ್ಟು ಹುಡುಕಿದರೂ ಹೊಸ ವರ್ಷದಲ್ಲಿ ಇಲ್ಲ. ಹಳೇ ವರ್ಷದೊಳಗೆ ಹೋಗಿ ಕೂತಿತ್ತು. ತಪ್ಪು ನನ್ನದೇ. ಕೈಪಿಡಿ ಓದಿರಲಿಲ್ಲ. ಓದಿದ್ದರೆ ತಿಳಿಯುತ್ತಿತ್ತು. ಜಿಮೇಲ್‌ನಲ್ಲಿ ಪ್ರೋಗ್ರಾಂ ಮೂಲಕ ಹುಡುಕುವಾಗ ಬರೀ ತಾರೀಕು ಕೊಟ್ಟರೆ ಅದನ್ನು ಪಿಎಸ್‌ಟಿಯ, ಅಂದರೆ ಕ್ಯಾಲಿಫೋರ್ನಿಯಾ ಕಡೆಯ, ನಡುರಾತ್ರಿ ಅಂತ ತೆಗೆದುಕೊಳ್ಳುತ್ತೇವೆ, ಬೇರೆ ಊರಿನವರು ಸೆಕೆಂಡಿನ ಲೆಕ್ಕದಲ್ಲಿ ಕೊಡಿ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಆ ನಡುರಾತ್ರಿ ಅಂದರೆ ನಮ್ಮ ಮಧ್ಯಾಹ್ನ ಒಂದೂವರೆ. ಬೇಸಿಗೆ ಟೈಮಿನ ಲೆಕ್ಕವಾದರೆ ಹನ್ನೆರಡೂವರೆ. ಅಂದರೆ ಮೈಸೂರಿನವನಿಗೆ ‘ಇವತ್ತು’ ಶುರುವಾಗುವುದು ಊಟದ ಹೊತ್ತಿಗೆ! ಬೆಳಿಗ್ಗೆ ಮಾಡಿದ ಕೆಲಸವೆಲ್ಲ ನಿನ್ನೆಯ ಖಾತೆಗೆ.

ಕೈಪಿಡಿಯಲ್ಲಿ ಬರೆದಿದ್ದಾರಲ್ಲ ಅಂದರೆ ಹೌದು. ಆದರೆ ಹುಡುಕುವ ಪೆಟ್ಟಿಗೆಯ ಪಕ್ಕ ಬರೆದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು, ಅಲ್ವಾ? ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಹುಡುಕಿದರೆ ಯುಟಿಸಿ ದಿನ. ಯುಟಿಸಿ ಅಂದರೆ ಇಡೀ ಪ್ರಪಂಚಕ್ಕೆ ಅಳತೆಗೋಲಾದ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ. ಹಳೇ ವೆಬ್ ಪುಟಗಳನ್ನು ಕೂಡಿಟ್ಟಿರುವ ವೇಬ್ಯಾಕ್ ಮಷೀನ್‌ನ ಮುದ್ರೆಯೂ ಯುಟಿಸಿ. ಮಧ್ಯರಾತ್ರಿ ಕಳೆದು ಎರಡು ಗಂಟೆಗೆ ನಮ್ಮೂರಲ್ಲಿ ಆದದ್ದನ್ನು ಅಲ್ಲಿ ಹುಡುಕಬೇಕಾದರೆ ಹಿಂದಿನ ತಾರೀಕು ಹಾಕಬೇಕು.

ಯುಟಿಸಿ ದಿನ ನಮಗೆ ಶುರುವಾಗುವುದು ಬೆಳಿಗ್ಗೆ ಐದೂವರೆಗೆ. ಈ ಐದೂವರೆಯನ್ನು ನೀವೂ ನೋಡಿರುತ್ತೀರಿ. ಬರೀ ತಾರೀಕು ಇರಬೇಕಾದ ಜಾಗದಲ್ಲಿ, ಯಾವುದೋ ಬಿಲ್ಲಿನಲ್ಲೋ ಆಪ್‌ನಲ್ಲೋ, ಕಾರಣವೇ ಇಲ್ಲದೆ 5:30 ಎಎಂ ಅಂತ ಇರುತ್ತದೆ. ಅವತ್ತು ಐದೂವರೆಗೆ ಯಾರೂ ಏನೂ ಮಾಡಿರುವುದಿಲ್ಲ. ಯಾರೋ ತಾರೀಕನ್ನು ಯುಟಿಸಿ ನಡುರಾತ್ರಿ ಅಂತ ಬರೆದಿಟ್ಟರು, ನಮ್ಮ ಫೋನ್ ಅದಕ್ಕೆ ಐದೂವರೆ ಗಂಟೆ ಕೂಡಿಸಿ ತೋರಿಸಿತು. ಅದೇ ತಾರೀಕು ಅಮೆರಿಕದಲ್ಲಿ ಹಿಂದಿನ ದಿನದ ಸಾಯಂಕಾಲಕ್ಕೆ ಜಾರುತ್ತದೆ. ಅಕ್ಕನ ಮಗಳ ಹುಟ್ಟಿದ ದಿನ ಒಂದು ಆಪ್‌ನಲ್ಲಿ ನನಗೆ ಸರಿಯಾಗಿ ಕಾಣುತ್ತದೆ, ಅವಳ ಅಮ್ಮನಿಗೆ ಒಂದು ದಿನ ಮುಂಚೆ ಕಾಣುತ್ತದೆ.

ಒಂದು ಸಲ ರಾತ್ರಿ ಕೂತು ಇದನ್ನೇ ಯೋಚಿಸುತ್ತಿದ್ದಾಗ ಒಂದು ವಿಷಯ ಹೊಳೆದು ನಗು ಬಂತು. ಅವ್ವನ ಲೆಕ್ಕದಲ್ಲಿ ದಿನ ನಡುರಾತ್ರಿಗೆ ಬದಲಾಗುವುದಿಲ್ಲ. ಶನಿವಾರ ರಾತ್ರಿ ಒಂದು ಗಂಟೆಗೆ ಕರು ಹಾಕಿದರೆ ‘ಶನಿವಾರ ಈದದ್ದು’ ಅನ್ನುತ್ತಾಳೆ. ಪಂಚಾಂಗದ ವಾರವೂ ಹಾಗೇ, ಸೂರ್ಯ ಹುಟ್ಟಿದರೆ ಮುಂದಿನ ವಾರ. (ರಾತ್ರಿ 12:10ರ ರೈಲಿಗೆ ಹಿಂದಿನ ದಿನದ ತಾರೀಕಿಗೆ ಟಿಕೆಟ್ ಮಾಡಿಸಿ ಪ್ಲಾಟ್‌ಫಾರಂನಲ್ಲಿ ಜಗಳವಾಡುವವರೆಲ್ಲ ಈ ಲೆಕ್ಕದವರೇ.) ಅವ್ವ ಎದ್ದು ಕೊಟ್ಟಿಗೆಗೆ ಹೋಗುವುದು ಐದೂವರೆಗೆ. ಅವಳ ದಿನ ಶುರುವಾಗುವುದು ಆಗಲೇ. ಅಂದರೆ ಪ್ರಪಂಚದ ಸರ್ವರ್‌ಗಳ ಜೊತೆ ಸರಿಯಾಗಿ ದಿನ ಶುರುಮಾಡುವವರು ನಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಅದು ಅವ್ವ. ಅವಳು ಯುಟಿಸಿಯಲ್ಲಿ ಬದುಕುತ್ತಿದ್ದಾಳೆ.

ಜೋಯಿಸರ ಮೂರನೇ ಪ್ರಶ್ನೆ

ಇಷ್ಟೆಲ್ಲ ಅಮೆರಿಕದವರನ್ನು ದೂರಿದ ಮೇಲೆ ನಮ್ಮದನ್ನೂ ಹೇಳಬೇಕು. ಮೈಸೂರಿನ ದೊಡ್ಡ ಗಡಿಯಾರದ ಮುಖದ ಮೇಲೆ ಕನ್ನಡದ ಅಂಕಿಗಳಿವೆ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ್ದು. ಅಂಕಿ ಕನ್ನಡದ್ದು, ಆದರೆ ಅದು ತೋರಿಸುವ ಹೊತ್ತು ನಮ್ಮೂರಿನದಲ್ಲ. 82.5 ಡಿಗ್ರಿ ರೇಖಾಂಶದ್ದು, ಉತ್ತರ ಪ್ರದೇಶದ ಮಿರ್ಜಾಪುರದ ಕಡೆಯದ್ದು. ಮೈಸೂರು ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ನಮ್ಮ ಸೂರ್ಯ 23 ನಿಮಿಷ ತಡ. ಗಡಿಯಾರ ಹನ್ನೆರಡು ತೋರಿಸಿದಾಗ ಮೈಸೂರಿಗೆ ನಡುಮಧ್ಯಾಹ್ನ ಆಗಿರುವುದಿಲ್ಲ. ಫೆಬ್ರವರಿಯಲ್ಲಂತೂ ಹನ್ನೆರಡೂವರೆ ದಾಟಬೇಕು. ಈ ಏರ್ಪಾಡು ಬಂದದ್ದು 1906ರಲ್ಲಿ. ಅದಕ್ಕೆ ಮುಂಚೆ ರೈಲುಗಳು ಮದ್ರಾಸ್ ಟೈಮಿನಲ್ಲಿ ಓಡುತ್ತಿದ್ದವು, ಈಗಿನದಕ್ಕಿಂತ ಒಂಬತ್ತು ನಿಮಿಷ ಹಿಂದೆ. ಆಗಲೂ ಎಲ್ಲರೂ ಒಪ್ಪಲಿಲ್ಲ. ಕಲ್ಕತ್ತೆ 1948ರವರೆಗೆ, ಮುಂಬೈ 1955ರವರೆಗೆ ತಮ್ಮ ತಮ್ಮ ಹಳೇ ಟೈಮನ್ನು ಬಿಡಲಿಲ್ಲ. ಹಾಗಾಗಿ ಬೇರೆಯವರ ಟೈಮಿನಲ್ಲಿ ಬದುಕುವುದು ನಮಗೆ ಹೊಸದಲ್ಲ. ಆದರೆ ಮಿರ್ಜಾಪುರ ವರ್ಷಕ್ಕೆ ಎರಡು ಸಲ ಜಾಗ ಬದಲಾಯಿಸುವುದಿಲ್ಲ. ಅದೊಂದು ಪುಣ್ಯ.

ಅಕ್ಕನ ಮಗಳು ಹುಟ್ಟಿದ್ದು ಜುಲೈನಲ್ಲಿ, ನ್ಯೂಜೆರ್ಸಿಯಲ್ಲಿ. ಜಾತಕ ಬರೆಸಲೇಬೇಕು ಅಂತ ಅವ್ವ ಹಠ ಹಿಡಿದಳು. ನನಗೆ ಜಾತಕದಲ್ಲಿ ನಂಬಿಕೆ ಇಲ್ಲ. ಆದರೂ ಡ್ರೈವರ್ ನಾನೇ ಆದ್ದರಿಂದ ಮಂಡ್ಯದ ಜೋಯಿಸರ ಮನೆಗೆ ಹೋದೆ. ಎಂಬತ್ತರ ಹತ್ತಿರದ ವಯಸ್ಸು. ಹಲಗೆ, ಒಂಟಿಕೊಪ್ಪಲ್ ಪಂಚಾಂಗ, ದಾರ ಕಟ್ಟಿದ ಕನ್ನಡಕ. ಅವರು ಮೂರು ಪ್ರಶ್ನೆ ಕೇಳಿದರು. ಹುಟ್ಟಿದ ದಿನ? ಹೇಳಿದೆ. ಹುಟ್ಟಿದ ಹೊತ್ತು? ಆಸ್ಪತ್ರೆಯ ಕಾಗದ ನೋಡಿ ಸಾಯಂಕಾಲ ನಾಲ್ಕು ಹತ್ತು ಅಂದೆ. ಹುಟ್ಟಿದ ಊರು? ನ್ಯೂಜೆರ್ಸಿ ಅಂದೆ. ಪೆನ್ನು ನಿಲ್ಲಿಸಿ ತಲೆ ಎತ್ತಿದರು. ‘ಜುಲೈ ಅಂದ್ರಲ್ಲ. ಹಾಗಾದ್ರೆ ಅಲ್ಲಿ ಬೇಸಿಗೆ ಟೈಮು. ಒಂದು ಗಂಟೆ ಕಳೀಬೇಕು’ ಅಂದರು. ನಾಲ್ಕು ಹತ್ತನ್ನು ಹೊಡೆದು ಮೂರು ಹತ್ತು ಅಂತ ಬರೆದುಕೊಂಡರು.

ನಾನು ಬೆರಗಾಗಿ ಅವರ ಮುಖ ನೋಡಿದೆ. ನಿಮಗೆ ಹೇಗೆ ಗೊತ್ತು ಅಂತ ಕೇಳಿದೆ. ‘ಲಗ್ನ ಎರಡು ಗಂಟೆಗೊಂದು ಬದಲಾಗುತ್ತೆ. ಒಂದು ಗಂಟೆ ತಪ್ಪಿದರೆ ಅರ್ಧ ರಾಶಿ ತಪ್ಪಿದ ಹಾಗೆ. ತಿಳ್ಕೊಳ್ಳದೆ ಇರೋಕಾಗುತ್ತಾ?’ ಅಂದರು. ಆಮೇಲೆ ಇನ್ನೊಂದು ಹೇಳಿದರು. ‘ಅಮೆರಿಕ ಯಾಕೆ, ನಮ್ಮಲ್ಲೂ ಇತ್ತಲ್ಲ. ನಲವತ್ತೆರಡರಿಂದ ನಲವತ್ತೈದರವರೆಗೆ ಯುದ್ಧದ ಟೈಮು. ಆಗ ಹುಟ್ಟಿದವರ ಜಾತಕ ಬರೆಯೋವಾಗಲೂ ಒಂದು ಗಂಟೆ ಕಳೀಬೇಕು.’ ಮನೆಗೆ ಬಂದು ಹುಡುಕಿ ನೋಡಿದೆ. ನಿಜ. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ ಭಾರತದ ಗಡಿಯಾರ ಒಂದು ಗಂಟೆ ಮುಂದಿತ್ತು. ನಾನು ದಿನವೂ ಬಳಸುವ ಆ ಟೈಮ್ ಝೋನ್ ಪಟ್ಟಿಯಲ್ಲೂ ಏಷ್ಯಾ/ಕೋಲ್ಕತಾ ಹೆಸರಿನ ಕೆಳಗೆ ಯುಟಿಸಿಗಿಂತ ಆರೂವರೆ ಗಂಟೆ ಮುಂದೆ ಅಂತ ಆ ಸಾಲು ಇದೆ. ಇಷ್ಟು ವರ್ಷ ಕಣ್ಣಿಗೆ ಬಿದ್ದಿರಲಿಲ್ಲ. ಕಾರಿನಲ್ಲಿ ವಾಪಸ್ ಬರುವಾಗ ಅವ್ವ, ‘ನಮ್ಮಪ್ಪ ಹೇಳ್ತಿದ್ದ. ರೈಲಿಗೆ ಹೊಸ ಟೈಮು, ಎತ್ತಿಗೆ ಹಳೇ ಟೈಮು ಅಂತ’ ಅಂದಳು. ಇಷ್ಟು ದಿನ ಅದೇನೋ ಗಾದೆ ಅಂದುಕೊಂಡಿದ್ದಳಂತೆ.

ಆ ಮೂರನೇ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಹುಡುಕುವ ಟೂಲ್‌ಗಳು ದಿನ ಕೇಳುತ್ತವೆ, ಹೊತ್ತು ಕೇಳುತ್ತವೆ. ಊರು ಕೇಳುವುದಿಲ್ಲ. ಕೇಳಿದರೂ ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿ ಒಂದು ಸಲ ಕೇಳಿ ಮರೆಯುತ್ತವೆ. ಬಹಳಷ್ಟು ಸಲ ತಮ್ಮ ಊರನ್ನೇ ಎಲ್ಲರ ಊರು ಅಂದುಕೊಳ್ಳುತ್ತವೆ. ಹಿಂದಿನ 24 ಗಂಟೆ ಅನ್ನುವ ಗುಂಡಿ ನನಗೆ ಇಷ್ಟವಾಗುವುದು ಇದಕ್ಕೇ. ಅದಕ್ಕೆ ಊರು ಬೇಕಾಗಿಲ್ಲ. ‘ಮೂರು ಗಂಟೆ ಹಿಂದೆ’ ಅನ್ನುವುದು ಮಂಡ್ಯದಲ್ಲೂ ನ್ಯೂಜೆರ್ಸಿಯಲ್ಲೂ ಒಂದೇ. ತಾರೀಕು ಬಂದ ತಕ್ಷಣ ಯಾರ ತಾರೀಕು ಅನ್ನಬೇಕಾಗುತ್ತದೆ. ಲಾಗ್ ಟೂಲ್ ಅವತ್ತು ಒಂದು ಸಾಲು ಬರೆದು ಕೇಳಿದ್ದರೆ ಸಾಕಿತ್ತು. ಗಡಿಯಾರ ತಿರುಗಿಸುವ ಮುಂಚಿನ ಒಂದೂವರೆಯೋ, ಆಮೇಲಿನದೋ? ನಮ್ಮ ಮನೆಗಳಲ್ಲಿ ಹೊರದೇಶಕ್ಕೆ ಫೋನ್ ಮಾಡುವ ಪ್ರತಿಯೊಬ್ಬರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ‘ನಮಗೋ, ನಿಮಗೋ?’ ಅಷ್ಟೇ. ಎರಡು ಪದ. ಇದಕ್ಕೆ ಅಂಥಾ ಬುದ್ಧಿಶಕ್ತಿಯೇನೂ ಬೇಡ.

ಆಫೀಸಿನಲ್ಲಿ ನಾನು ಈಗ ಒಂದು ಚಟ ಮಾಡಿಕೊಂಡಿದ್ದೇನೆ. ಯಾರೇ ಸಮಯ ಬರೆದರೂ ಊರು ಸೇರಿಸಿ ಬರೆಯಿರಿ ಅನ್ನುತ್ತೇನೆ. ಇಎಸ್‌ಟಿ ಬೇಡ, ‘ನ್ಯೂಯಾರ್ಕ್ ಸಮಯ’ ಅನ್ನಿ. ಲಾಗ್ ಹುಡುಕುವಾಗ ಯುಟಿಸಿಯಲ್ಲೇ ಹುಡುಕುತ್ತೇನೆ. ಅದರಲ್ಲಿ ಮಡಿಕೆ ಇಲ್ಲ. ಹುಡುಗರು ‘ಜೋಯಿಸರು ಬಂದ್ರು’ ಅಂತ ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಈ ಸಲ ಯುಗಾದಿಗೆ ಊರಿಗೆ ಹೋದಾಗ ಅವ್ವ ಗೋಡೆಯಿಂದ ಕ್ಯಾಲೆಂಡರ್ ಇಳಿಸಿ ನನ್ನ ಮುಂದಿಟ್ಟಳು. ‘ಅವರ ಗಡಿಯಾರ ತಿರುಗೋ ದಿನ ಗುರುತು ಹಾಕು, ಹೋದ ಸಲದಂಗೆ ಕಾಯಕ್ಕಾಗಲ್ಲ’ ಅಂದಳು. ಮಾರ್ಚ್‌ನದು ಆಗಲೇ ಕಳೆದಿತ್ತು. ನವೆಂಬರ್ ಹಾಳೆ ತೆಗೆದೆ. 2026ರ ನವೆಂಬರ್ 1, ಭಾನುವಾರ. ಕ್ಯಾಲೆಂಡರಿನವರು ಅಲ್ಲಿ ಆಗಲೇ ಕನ್ನಡ ರಾಜ್ಯೋತ್ಸವ ಅಂತ ಅಚ್ಚು ಹಾಕಿದ್ದರು. ಅವತ್ತು ಬೆಳಿಗ್ಗೆ ಅಕ್ಕ ಏಳೂವರೆಗೇ ಮಾಡುತ್ತಾಳೆ, ಅಲ್ಲಿ ಗಡಿಯಾರ ತಿರುಗುವುದು ನಮ್ಮ ಬೆಳಗ್ಗೆಯ ಆಮೇಲೆ. ಬದಲಾಗುವುದು ಮುಂದಿನ ಭಾನುವಾರದಿಂದ. ಬೆರಳಿನಲ್ಲಿ ಎರಡು ಸಲ ಎಣಿಸಿ, 8ನೇ ತಾರೀಕಿನ ಮನೆಯಲ್ಲಿ ಪೆನ್ಸಿಲ್‌ನಿಂದ ‘ಎಂಟೂವರೆ’ ಅಂತ ಬರೆದೆ. ಅವ್ವ ಕನ್ನಡಕ ಏರಿಸಿಕೊಂಡು ನೋಡಿದಳು.

‘ಯಾರ ಎಂಟೂವರೆ ಅಂತಲೂ ಬರಿ’ ಅಂದಳು.